ಹಣವೂ ಸುಖವೂ

ವಾಚಕರೇ, ಹಣವಿದ್ದಲ್ಲಿ ಸುಖವುಂಟೆಂಬುದು ಲೋಕದ ನಂಬಿಕೆ. ತುರ್ವಿಹಾಳದ ಸೀಮೆಯನ್ನು ನೋಡಿರಿ. ಮಳೆಯನ್ನೇ ನೆಚ್ಚಿ ಜೋಳವನ್ನು ಬೆಳೆಯುತ್ತಿದ್ದ ಈ ಎರೆನೆಲಕ್ಕೆ, 1953ರ ತರುವಾಯ, ತುಂಗಭದ್ರೆಯ ಎಡದಂಡೆಯ ಕಾಲುವೆಯು ಬತ್ತವನ್ನೂ ಹಣವನ್ನೂ ತಂದಿತು. ಹಸಿವು ಹಿಂಗುವುದು ಅಲ್ಪ ಸುಖವಲ್ಲ. ಆದರೆ ಗೊಬ್ಬರದ ಸಾಲವೂ, ಕಾಲುವೆಯ ಕೊನೆಯಲ್ಲಿರುವವನಿಗೆ ನೀರಿನ ಚಿಂತೆಯೂ ಅದರೊಡನೆಯೇ ಬಂದುವು.

ನೆರೆಯ ಮಸ್ಕಿಯಲ್ಲಿ, 1915ರಲ್ಲಿ, ಚಿನ್ನದ ಗಣಿಯ ಇಂಜಿನಿಯರರಾದ ಬೀಡನ್ನರ ಕಣ್ಣಿಗೆ ಬಿದ್ದುದು ಅಶೋಕನ ಶಾಸನ. ಶ್ರೇಯಸ್ಸು ದೊಡ್ಡವರ ಸೊತ್ತು ಮಾತ್ರವಲ್ಲ, ಧರ್ಮದಿಂದ ನಡೆಯುವ ಸಾಮಾನ್ಯನಿಗೂ ಅದು ಲಭ್ಯವೆಂಬುದು ಅದರ ಸಾರ.

ಹಣವು ಬರಲಿ, ಕಣಜವು ತುಂಬಲಿ. ಆದರೆ ಮೇಲಿನ ಹೊಲದವನು ಕೆಳಗಿನ ಹೊಲಕ್ಕೆ ನೀರನ್ನು ಉಳಿಸಿದ ದಿನವೇ ಇಬ್ಬರ ಮನೆಯಲ್ಲಿಯೂ ನಿದ್ದೆಯು ಸುಖವಾಗಿ ಬರುವುದು.