ಹುಮನಾಬಾದ್ ರಸ್ತೆಯ ಪ್ಲಾಟುಗಳ ನಿಜವಾದ ಬೆಲೆ

ಕಲಬುರಗಿಯ ಹುಮನಾಬಾದ್ ಬೇಸ್ ದಾಟಿ, ಕಪನೂರಿನ ದಾಲ್ ಮಿಲ್ಲುಗಳನ್ನು ಹಿಂದೆ ಹಾಕಿ ಹೊರಟರೆ ಕಮಲಾಪುರದ ತನಕ ರಸ್ತೆಯ ಎರಡೂ ಕಡೆ ಹೊಲಗಳು. ಮಳೆಗಾಲ ಮುಗಿಯುವಾಗ ತೊಗರಿಯ ಹಸಿರು, ಸಂಕ್ರಾಂತಿ ಕಳೆದು ರಾಶಿ ಮುಗಿದ ಮೇಲೆ ಬರೀ ಬಿರುಕು ಬಿಟ್ಟ ಎರೆಮಣ್ಣು. ಈ ಹೊಲಗಳ ನಡುವೆ ಈಗ ಅಲ್ಲಲ್ಲಿ ಒಂದು ಕಮಾನು, ನಾಲ್ಕು ಮೊರಂ ರಸ್ತೆ, ಸಾಲಾಗಿ ನೆಟ್ಟ ಗಡಿಕಲ್ಲುಗಳು ಕಾಣಿಸುತ್ತವೆ. ಸೇಡಂ ರಸ್ತೆ, ಜೇವರ್ಗಿ ರಸ್ತೆ, ಆಳಂದ ರಸ್ತೆಗಳ ಚಿತ್ರವೂ ಬೇರೆಯಲ್ಲ. ಇಲ್ಲಿ ಪ್ಲಾಟು ಕೊಳ್ಳುವವರು ಗಂಜ್ ಮಾರುಕಟ್ಟೆಯ ಹಮಾಲರು, ಆಟೊ ಓಡಿಸುವವರು, ಗೌಂಡಿಗಳು, ಅತಿಥಿ ಶಿಕ್ಷಕರು. ಊರೊಳಗಿನ ಬಾಡಿಗೆಗೆ ಬೇಸತ್ತು, ಕಂತಿನ ಮೇಲೆ ಒಂದು ತುಂಡು ನೆಲ ಹಿಡಿಯುವವರು. ಅವರ ಆಸೆಯಲ್ಲಿ ತಪ್ಪಿಲ್ಲ. ತಪ್ಪು ಇರುವುದು ಅವರಿಗೆ ಹೇಳುವ ಬೆಲೆಯಲ್ಲಿ. ಆ ಬೆಲೆಯಲ್ಲಿ ನೀರು ಸೇರಿಲ್ಲ, ನೆರಳು ಸೇರಿಲ್ಲ, ಕೆಲಸಕ್ಕೆ ಹೋಗಿಬರುವ ದಾರಿಯೂ ಸೇರಿಲ್ಲ. ಖರೀದಿ ಪತ್ರದಲ್ಲಿ ಬಿಟ್ಟುಹೋದ ಈ ಮೂರನ್ನೂ ಕೊಂಡವರು ತಿಂಗಳು ತಿಂಗಳು, ಬದುಕಿರುವ ತನಕ ತೆರುತ್ತಾರೆ. ಇವನ್ನು ಲೆಕ್ಕಕ್ಕೆ ಹಿಡಿಯದ ಯಾವ ಮನೆಯನ್ನೂ, ಅದನ್ನು ಖಾಸಗಿಯವರು ಮಾರಲಿ ಸರ್ಕಾರವೇ ಕೊಡಲಿ, ಬಡವರ ಕೈಗೆಟುಕುವ ಮನೆ ಎಂದು ಕರೆಯಬಾರದು ಎಂಬುದು ನನ್ನ ವಾದ.

ಬಿಸಿಲುನಾಡು ಎಂಬ ಹೆಸರು ಕೇಳಿ ಕೇಳಿ ನಾವು ಕಲಬುರಗಿಯನ್ನು ಮರುಭೂಮಿಯ ಪಕ್ಕಕ್ಕೆ ಇಟ್ಟುಬಿಟ್ಟಿದ್ದೇವೆ. ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಜೈಸಲ್ಮೇರಿನಲ್ಲಿ ವರ್ಷಕ್ಕೆ ಬೀಳುವುದು 200 ಮಿಲಿಮೀಟರ್ ಆಸುಪಾಸಿನ ಮಳೆ. ಕಲಬುರಗಿ ಜಿಲ್ಲೆಯ ಸರಾಸರಿ 700 ಮಿಲಿಮೀಟರಿಗೂ ಹೆಚ್ಚು. ಮೂವತ್ತು–ನಲವತ್ತು ಅಡಿಯ ಪ್ಲಾಟಿನಲ್ಲಿ 80 ಚದರ ಮೀಟರಿನ ಛಾವಣಿ ಇದೆ ಎನ್ನಿ. ಅದರ ಮೇಲೆ 700 ಮಿಲಿಮೀಟರ್ ಮಳೆ ಸುರಿದರೆ 56,000 ಲೀಟರ್ ನೀರಾಯಿತು. ಆವಿ, ಸೋರಿಕೆ, ಮೊದಲ ಮಳೆಯ ಕೊಳೆ ಎಂದು ಐದರಲ್ಲೊಂದು ಪಾಲು ಬಿಟ್ಟರೂ ಸುಮಾರು 45,000 ಲೀಟರ್ ಉಳಿಯುತ್ತದೆ. ಅಂದರೆ 5,000 ಲೀಟರಿನ ಒಂಬತ್ತು ಟ್ಯಾಂಕರ್. ಜಲ ಜೀವನ್ ಮಿಷನ್ ಹಳ್ಳಿಗಳಿಗೆ ಇಟ್ಟುಕೊಂಡ ತಲೆಗೆ 55 ಲೀಟರಿನ ಅಳತೆಯಲ್ಲಿ ಐದು ಜನರ ಸಂಸಾರಕ್ಕೆ ಇದು ಐದು ತಿಂಗಳಿಗೂ ಮಿಕ್ಕಿ ಸಾಕು. ಅಷ್ಟನ್ನೂ ಒಂದು ಮನೆಯವರು ಹಿಡಿದಿಡಲಾರರು, ನಿಜ. ಆದರೆ 10,000 ಲೀಟರಿನ ಒಂದು ಸಂಪು ಮಳೆಗಾಲದಲ್ಲಿ ಹಲವು ಸಲ ತುಂಬುತ್ತದೆ, ಕೊನೆಯ ಸಲ ತುಂಬಿದ್ದು ಮಳೆ ನಿಂತ ಮೇಲೆ ಒಂದು ತಿಂಗಳು ದಾಟಿಸುತ್ತದೆ. ಉಳಿದದ್ದನ್ನು ಬಡಾವಣೆಗೊಂದು ತೆರೆದ ಬಾವಿಗೆ ಬಿಟ್ಟರೆ ನೆಲ ಕುಡಿಯುತ್ತದೆ. ನಿಜವಾದ ಮರುಭೂಮಿಯ ಜನ ಅಂಗಳದಲ್ಲಿ ಟಾಂಕಾ ಎಂಬ ನೆಲತೊಟ್ಟಿ ತೋಡಿ ಪ್ರತಿ ಹನಿಯನ್ನೂ ಕಾದಿಟ್ಟರು. ನಮ್ಮ ಬೀದರಿನಲ್ಲೇ ಬಹಮನಿ ಸುಲ್ತಾನರು ನೌಬಾದಿನ ಸುರಂಗ ಬಾವಿಯನ್ನು ಕೊರೆಸಿ ನೆಲದಡಿಯ ನೀರನ್ನು ಊರಿಗೆ ಹರಿಸಿದರು. ಮೂರು ಪಟ್ಟು ಹೆಚ್ಚು ಮಳೆ ಬೀಳುವ ನೆಲದಲ್ಲಿ ಇಂದಿನ ಲೇಔಟುಗಳು ಆ ನೀರನ್ನು ಮೊರಂ ರಸ್ತೆಯ ಮೇಲೆ ಹರಿಯಬಿಟ್ಟು ಏಪ್ರಿಲ್‌ನಲ್ಲಿ ಟ್ಯಾಂಕರಿಗೆ ಫೋನು ಮಾಡುತ್ತವೆ. ಇಲ್ಲಿನ ಮರುಭೂಮಿ ಪ್ರಕೃತಿ ಕೊಟ್ಟದ್ದಲ್ಲ, ನಾವು ಕಟ್ಟಿಕೊಂಡದ್ದು.

ಬೋರ್‌ವೆಲ್ ಇದೆಯಲ್ಲ ಎನ್ನುವವರಿದ್ದಾರೆ. ಈ ಭಾಗದ ಅಡಿಯಲ್ಲಿರುವುದು ದಖ್ಖನ್ನಿನ ಕಪ್ಪು ಬಸಾಲ್ಟ್ ಬಂಡೆ. ನೀರು ಬಂಡೆಯೊಳಗಿಲ್ಲ, ಅದರ ಬಿರುಕುಗಳಲ್ಲಿ ಇದೆ. ಒಂದು ಪ್ಲಾಟಿನಲ್ಲಿ ಸಿಕ್ಕಿದ್ದು ಪಕ್ಕದ ಪ್ಲಾಟಿನಲ್ಲಿ ಸಿಗಬೇಕೆಂದಿಲ್ಲ, ಸಿಕ್ಕಿದ್ದು ಮೇ ತನಕ ನಿಲ್ಲಬೇಕೆಂದೂ ಇಲ್ಲ. ನಗರದ ನಲ್ಲಿ ಒಂದಲ್ಲ ಒಂದು ದಿನ ಇಲ್ಲಿಗೂ ಬರುತ್ತದೆ ಎಂಬ ಭರವಸೆ ಇನ್ನೊಂದು. ಕಲಬುರಗಿ ಕುಡಿಯುವುದು ಸರಡಗಿಯ ಬಳಿಯ ಭೀಮೆಯ ನೀರು ಮತ್ತು ಬೆಣ್ಣೆತೊರೆಯ ನೀರು. ವಿಶ್ವಬ್ಯಾಂಕಿನ ನೆರವಿನಲ್ಲಿ ದಿನದ 24 ಗಂಟೆಯೂ ನಲ್ಲಿ ನೀರು ಕೊಡುವ ಪ್ರಯೋಗ ಹುಬ್ಬಳ್ಳಿ–ಧಾರವಾಡ, ಬೆಳಗಾವಿಗಳ ಜೊತೆಗೆ ಇಲ್ಲಿನ ಕೆಲವು ವಾರ್ಡುಗಳಲ್ಲೂ 2008ರ ಹೊತ್ತಿಗೇ ನಡೆದು, ಅದು ಸಾಧ್ಯ ಎಂದು ತೋರಿಸಿತು. ಆದರೆ ಆ ವ್ಯವಸ್ಥೆ ಇಡೀ ನಗರಕ್ಕೆ ಹಬ್ಬುವ ಕೆಲಸಕ್ಕೇ ವರ್ಷಗಳು ಹಿಡಿದಿವೆ. ಪಾಲಿಕೆಯ ಗಡಿಯಾಚೆಯ ಹೊಲದ ಪ್ಲಾಟಿನ ಸರದಿ ಯಾವಾಗ? ನದಿಯದೂ ಒಂದು ಮಿತಿ ಇದೆ. 2023ರ ಬೇಸಿಗೆಯಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಉಜನಿ ಜಲಾಶಯದಿಂದ ಭೀಮೆಗೆ ನೀರು ಬಿಡಿ ಎಂದು ಮಹಾರಾಷ್ಟ್ರಕ್ಕೆ ಪತ್ರ ಬರೆಯಬೇಕಾಯಿತು. ಬೇಸಿಗೆಯಲ್ಲಿ ನೆರೆ ರಾಜ್ಯದ ದಯೆಗೆ ಕಾಯುವ ನದಿಯನ್ನು ನಂಬಿ ನಗರವನ್ನು ಹತ್ತಾರು ಕಿಲೋಮೀಟರ್ ಹಿಗ್ಗಿಸುತ್ತ ಹೋಗುವುದು ವಿವೇಕವಲ್ಲ.

ಬಿಸಿಲಿನ ಲೆಕ್ಕ ಇನ್ನೂ ಕಠಿಣ. ಏಪ್ರಿಲ್–ಮೇ ತಿಂಗಳಲ್ಲಿ ತಾಪಮಾನ 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಆ ಎರಡು ತಿಂಗಳು ಕಲ್ಯಾಣ ಕರ್ನಾಟಕದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ ತೆರೆದಿರುತ್ತವೆ. ಈ ನೆಲದ ಮಧ್ಯಾಹ್ನ ಮನುಷ್ಯರ ಕೆಲಸಕ್ಕೆ ತಕ್ಕದ್ದಲ್ಲ ಎಂದು ಸರ್ಕಾರವೇ ಒಪ್ಪಿಕೊಂಡ ಹಾಗಾಯಿತು. ತನ್ನ ನೌಕರರ ವಿಷಯದಲ್ಲಿ ಒಪ್ಪಿದ್ದನ್ನು ಅದೇ ಸರ್ಕಾರ ತನ್ನ ವಸತಿ ಯೋಜನೆಯ ನಕ್ಷೆಯಲ್ಲಿ ಮರೆಯುತ್ತದೆ. ಸಿಮೆಂಟ್ ಇಟ್ಟಿಗೆಯ ತೆಳು ಗೋಡೆ, ನಾಲ್ಕೈದು ಇಂಚಿನ ಸ್ಲ್ಯಾಬು, ದುಡ್ಡು ಸಾಲದವರಿಗೆ ತಗಡಿನ ಪತ್ರಾ. ಸುತ್ತ ಒಂದು ಮರವೂ ಇಲ್ಲ. ಸ್ಲ್ಯಾಬು ಹಗಲೆಲ್ಲ ಹೀರಿದ ಕಾವನ್ನು ರಾತ್ರಿ ಮಲಗಿದವರ ಮೈಮೇಲೆ ಇಳಿಸುತ್ತದೆ. ಪತ್ರಾ ಮನೆಯಲ್ಲಿ ಹಗಲು ಕೂರುವುದೇ ಕಷ್ಟ, ಕೂಸು, ಬಾಣಂತಿ, ಮುದುಕರಿಗಂತೂ ಅಪಾಯ. ಕೂಲರ್ ಇಟ್ಟುಕೊಳ್ಳಲಿ ಎನ್ನಬಹುದು. ಕೂಲರ್ ನೀರು ಕುಡಿಯುತ್ತದೆ, ದಿನಕ್ಕೆ ಹತ್ತಾರು ಲೀಟರ್. ಟ್ಯಾಂಕರ್ ನಂಬಿದ ಮನೆಯಲ್ಲಿ ತಂಪಿಗೂ ಟ್ಯಾಂಕರಿನದೇ ಬೆಲೆ. ಗೃಹಜ್ಯೋತಿ ಇದೆಯಲ್ಲ, ಕರೆಂಟು ಪುಕ್ಕಟೆ ಎಂಬ ಮಾತೂ ಪೂರ್ತಿ ನಿಲ್ಲದು. ತಿಂಗಳಿಗೆ 200 ಯೂನಿಟ್ ಮೀರಿದರೆ ಜೆಸ್ಕಾಂಗೆ ಇಡೀ ಬಿಲ್ಲು ಕಟ್ಟಬೇಕು. ಆ ಗೆರೆಯನ್ನು ಮನೆಗಳು ದಾಟುವುದು ತಂಪು ಅತಿ ಹೆಚ್ಚು ಬೇಕಾದ ತಿಂಗಳಲ್ಲೇ.

ಹಾಗಾದರೆ ಹಳೆಯ ಮೇಲುಮುದ್ದೆಯ ಮಾಳಿಗೆ ಮನೆಗೆ ಮರಳಬೇಕೆ? ಮೊಳ ದಪ್ಪದ ಕಲ್ಲುಗೋಡೆ, ಮಣ್ಣಿನ ಮಾಳಿಗೆ, ಬೆಳಕಿಂಡಿ ಇದ್ದ ಆ ಮನೆಗಳು ಬೇಸಿಗೆಯನ್ನು ಬಲ್ಲವು. ಆದರೆ ಮಳೆಗೆ ಸೋರುವುದು, ವರ್ಷ ವರ್ಷ ಮಣ್ಣು ಹಾಕುವುದು, ತೊಲೆಗೆ ಗೆದ್ದಲು, ಒಳಗೆ ಕತ್ತಲು: ಇದನ್ನೆಲ್ಲ ಅನುಭವಿಸಿದವರು ಸ್ಲ್ಯಾಬ್ ಮನೆಯನ್ನು ಬಯಸಿದರೆ ಅದು ಅವರ ಹಕ್ಕು. ಬಡವರಿಗೆ ಮಾತ್ರ ಪರಂಪರೆಯ ಪಾಠ ಹೇಳುವುದು ನನಗೆ ಒಪ್ಪಿಗೆಯಿಲ್ಲ. ಕೇಳುತ್ತಿರುವುದು ಅಷ್ಟು ದೊಡ್ಡದಲ್ಲ. ಪಡುವಣ ಗೋಡೆ ದಪ್ಪಗಿರಲಿ, ಅದಕ್ಕೆ ಕಿಟಕಿ ಕಡಿಮೆ ಇರಲಿ. ಶಹಾಬಾದಿನ ಕಲ್ಲು ಕೈಯಳತೆಯಲ್ಲೇ ಸಿಗುವಾಗ ನೆಲಕ್ಕೆ ದೂರದ ಟೈಲ್ಸ್ ಬೇಡ. ಮುಂದೊಂದು ಪಡಸಾಲೆ, ಒಂದು ಬೇವಿನ ಗಿಡ ಇರಲಿ. ಛಾವಣಿಗೆ ವರ್ಷಕ್ಕೊಮ್ಮೆ ಬಿಳಿ ಸುಣ್ಣ ಬಳಿಯುವಷ್ಟು ಸರಳ ಉಪಾಯವೂ ಒಳಗಿನ ಕಾವನ್ನು ಇಳಿಸುತ್ತದೆ. ತೆಲಂಗಾಣ ಸರ್ಕಾರ 2023ರಲ್ಲಿ ತಂಪು ಛಾವಣಿಗೆಂದೇ ಒಂದು ನೀತಿ ತಂದಿದೆ. ಬುನಾದಿಯದೂ ಒಂದು ಮಾತು. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ. ಆಳಕ್ಕೆ ತೋಡಿ ಮೊರಂ ತುಂಬದೆ ಎಬ್ಬಿಸಿದ ಗೋಡೆ ಬೇಗನೆ ಸೀಳುತ್ತದೆ. ಹೊಲದ ಪ್ಲಾಟು ಅಗ್ಗ ಎನ್ನುವಾಗ ಈ ಬುನಾದಿಯ ಖರ್ಚನ್ನು ಯಾರೂ ಕೂಡಿಸಿ ಹೇಳುವುದಿಲ್ಲ.

ನನ್ನ ವಾದಕ್ಕೆ ಬರಬಹುದಾದ ಗಟ್ಟಿ ಆಕ್ಷೇಪ ಒಂದೇ: ಬಡವರಿಗೆ ಬೇರೆ ದಾರಿ ಎಲ್ಲಿದೆ? ನಿಯಮ ಬಿಗಿ ಮಾಡಿದರೆ ಬೆಲೆ ಏರುತ್ತದೆ, ಏರಿದರೆ ಅವರು ಬಾಡಿಗೆಯ ಕೋಣೆಯಲ್ಲೇ ಉಳಿಯುತ್ತಾರೆ. ಇದನ್ನು ಹಗುರವಾಗಿ ತಳ್ಳಿಹಾಕಲು ಬರುವುದಿಲ್ಲ. 2023ರ ಜನವರಿಯಲ್ಲಿ ಮಳಖೇಡದಲ್ಲಿ ಈ ಭಾಗದ 50,000ಕ್ಕೂ ಹೆಚ್ಚು ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ಹಂಚಿದಾಗ ಕಂಡದ್ದು ಕಾಗದದ ಮೋಹವಲ್ಲ; ಯಾರೂ ಎಬ್ಬಿಸಲಾರರು ಎಂಬ ನೆಮ್ಮದಿಗಾಗಿ ತಲೆಮಾರುಗಳು ಕಾದ ಕಾತರ. ಪ್ಲಾಟು ಕೊಳ್ಳುವವರ ಮನಸ್ಸೂ ಅದೇ. ಆದರೆ ಅಗ್ಗ ಎಲ್ಲಿಂದ ಬಂತು ನೋಡಿ. ಒಂದು ಎಕರೆ ಎಂದರೆ 43,560 ಚದರ ಅಡಿ. ಪೂರ್ತಿ ಕತ್ತರಿಸಿದರೆ ಮೂವತ್ತು–ನಲವತ್ತರ 36 ಪ್ಲಾಟು. ಎನ್‌ಎ (ಕೃಷಿಯೇತರ) ಆಗಿ ನಗರಾಭಿವೃದ್ಧಿ ಪ್ರಾಧಿಕಾರದ ಒಪ್ಪಿಗೆ ಪಡೆದ ಬಡಾವಣೆಯಲ್ಲಿ ಅರ್ಧಕ್ಕೆ ಸಮೀಪದ ನೆಲ ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯಗಳಿಗೆ ಹೋಗಿ ಇಪ್ಪತ್ತರ ಆಸುಪಾಸು ಉಳಿಯುತ್ತದೆ. ಬಾಂಡ್ ಪೇಪರಿನ ಮೇಲೆ ಗುಂಟಾ ಲೆಕ್ಕದಲ್ಲಿ ಮಾರುವವನು ಈ ಅರ್ಧದ ಬಹುಪಾಲನ್ನೂ ಮಾರುತ್ತಾನೆ. ಕೊಂಡವರಿಗೆ ಸಿಕ್ಕ ರಿಯಾಯಿತಿ ಎಂದರೆ ಅವರದೇ ಚರಂಡಿ, ಅವರದೇ ಮಕ್ಕಳ ಆಟದ ಬಯಲು, ಅವರದೇ ಬಾವಿಯ ಜಾಗ. 2025ರ ಆರಂಭದಲ್ಲಿ ಸರ್ಕಾರ ಇಂಥ ಅನಧಿಕೃತ ಬಡಾವಣೆಗಳ ಆಸ್ತಿಗೆ ಬಿ-ಖಾತಾ ಕೊಡುವ ಅಭಿಯಾನ ನಡೆಸಿತು. ತೆರಿಗೆ ಕಟ್ಟಿಸಿಕೊಂಡು ಗುರುತು ಕೊಟ್ಟದ್ದು ಒಳ್ಳೆಯದೇ. ಆದರೆ ಇಲ್ಲದ ಚರಂಡಿಯನ್ನು ಖಾತೆ ತರಲಾರದು.

ಬೇರೆ ದಾರಿಗೆ ಕಮಲಾಪುರದ ಕಡೆ ನೋಡಬೇಕು. 2018ರಲ್ಲಿ ತಾಲ್ಲೂಕಾದ ಈ ಊರು ಹೊಲದ ನಡುವೆ ಹುಟ್ಟಿಸಿದ ಬಡಾವಣೆಯಲ್ಲ. ಅದಕ್ಕೆ ತನ್ನದೇ ಪೇಟೆ, ಶಾಲೆ, ಕಚೇರಿಗಳಿವೆ. ಭೌಗೋಳಿಕ ಸೂಚಕ ಪಡೆದ ಅದರ ಕೆಂಪು ಬಾಳೆ ನೀರು ಬೇಡುವ ಬೆಳೆ. ಆ ಬೆಳೆ ಇಲ್ಲಿ ತಲೆಮಾರುಗಳಿಂದ ಉಳಿದುಬಂದದ್ದು ನೀರನ್ನು ಬಲ್ಲ ರೈತರಿಂದ. 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾದ ಬೀದರ್–ಕಲಬುರಗಿ ರೈಲುಮಾರ್ಗದಲ್ಲಿ ಈ ಊರಿಗೊಂದು ನಿಲ್ದಾಣವಿದೆ. ಹೆದ್ದಾರಿಯಲ್ಲಿ ಸರ್ಕಾರಿ ಬಸ್ಸು ಓಡುತ್ತದೆ, ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಚಿಂತೆಯಿಲ್ಲ. ಊರಿಲ್ಲದ ಕಡೆ ಮನೆ ಕಟ್ಟಿಸಿ ಆಮೇಲೆ ನೀರು, ಬಸ್ಸು, ಅಂಗನವಾಡಿ ಹುಡುಕುವುದಕ್ಕಿಂತ ಇವೆಲ್ಲ ಇರುವ ಊರನ್ನು ಬೆಳೆಸುವುದು ಸರಿಯಾದ ದಾರಿ. ದಿನವೂ ಅಷ್ಟು ದೂರ ಯಾರು ಓಡಾಡುತ್ತಾರೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಪಾಳಿಗೆ ಹೊಂದುವ ಹೊತ್ತಿಗೆ ಬೆಳಿಗ್ಗೆ ಒಂದು, ಸಂಜೆ ಒಂದು ರೈಲು ಬಿಡದೆ ಇದು ಕೂಡಿಬರುವುದಿಲ್ಲ. ಕಮಲಾಪುರದಲ್ಲೇ ಕೆಲಸ ಹುಟ್ಟದಿದ್ದರೆ ಅದು ಕಲಬುರಗಿಯ ಮಲಗುವ ಕೋಣೆಯಾಗಿ ಉಳಿದೀತು. ಬಾಳೆ ತೋಟಗಳೇ ಪ್ಲಾಟುಗಳಾದಾವು ಎಂಬ ಭಯವೂ ನನಗಿದೆ. ಅದಕ್ಕೇ ಬಾವಿ ಇರುವ ತೋಟದ ನೆಲಕ್ಕೆ ಎನ್‌ಎ ಕೊಡುವುದಿಲ್ಲ ಎಂಬ ಗೆರೆಯನ್ನು ಊರು ಬೆಳೆಯುವ ಮೊದಲೇ ಎಳೆಯಬೇಕು. ಕಲಬುರಗಿಯ ಸುತ್ತ ಆ ಗೆರೆ ಎಳೆಯುವ ಕಾಲ ಕೈಮೀರುತ್ತಿದೆ.

ಈಗಾಗಲೇ ಹೊಲದ ಪ್ಲಾಟಿನಲ್ಲಿ ಮನೆ ಕಟ್ಟಿದವರನ್ನು ಮಾತ್ರ ಬಿಟ್ಟುಬಿಡಬಾರದು. ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗದಲ್ಲಿ ಸ್ವಂತ ಜಾಗದಲ್ಲಿ ಕಟ್ಟಿಕೊಳ್ಳುವವರಿಗೆ ಕೇಂದ್ರದ 1.5 ಲಕ್ಷ ರೂಪಾಯಿ ನೆರವು ಬುನಾದಿ, ಲಿಂಟಲ್, ಛಾವಣಿಯ ಹಂತಗಳನ್ನು ನೋಡಿ ಕಂತಿನಲ್ಲಿ ಬಿಡುಗಡೆಯಾಗುತ್ತದೆ. ಆ ಹಂತಗಳಿಗೆ ರಾಜ್ಯ ಸರ್ಕಾರ ತನ್ನದೊಂದು ಕಂತು ಕೂಡಿಸಲಿ: ಮಳೆನೀರಿನ ಸಂಪು ಮತ್ತು ಛಾವಣಿಯ ಸುಣ್ಣ ಆದ ಮೇಲೆ ಕೊಡುವ ಕಂತು. ಹಣವಿಲ್ಲ ಎಂಬ ಉತ್ತರ ಇಲ್ಲಿ ಸಲ್ಲದು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಇತ್ತೀಚಿನ ಬಜೆಟ್ಟುಗಳಲ್ಲಿ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಗುತ್ತ ಬಂದಿದೆ, ಅದರ ಕಚೇರಿ ಇರುವುದೂ ಕಲಬುರಗಿಯಲ್ಲೇ. ಹುಮನಾಬಾದ್ ರಸ್ತೆಯ ಬಡಾವಣೆಗಳಿಗೆ ಬಾವಿ ತೋಡಿಸುವ, ಗಿಡ ನೆಡಿಸುವ, ಕಮಲಾಪುರದ ರೈಲಿನ ಹೊತ್ತಿಗಾಗಿ ರೈಲ್ವೆಯ ಮುಂದೆ ಪಟ್ಟು ಹಿಡಿಯುವ ಕೆಲಸವನ್ನು ಮುಂದಿನ ಬೇಸಿಗೆಯ ಮೊದಲೇ ಅಲ್ಲಿಂದ ಶುರು ಮಾಡಬಹುದು.