ಇಳಿಜಾರಿನಲ್ಲಿ ನ್ಯೂಟ್ರಲ್ ಬೇಡ!

ಗೇರಿನ ಬೈಕು ಕಲಿಯುವ ಹೆಂಗಸರು ಈಗ ಸಣ್ಣ ಊರುಗಳಲ್ಲೂ ಇದ್ದಾರೆ. ಯಜಮಾನರ ಹಿಂದೆ ಕೂತು ಹಬ್ಬಕ್ಕೆ, ಮದುವೆಗೆ ಹೋಗಿಬರುವವರಂತೂ ಮನೆಮನೆಯಲ್ಲೂ ಉಂಟು. ಓಡಿಸುವವರಾಗಲಿ, ಹಿಂದೆ ಕೂರುವವರಾಗಲಿ, ಕ್ಲಚ್ಚು ಮತ್ತು ನ್ಯೂಟ್ರಲ್ ಅಂದರೇನು ಅಂತ ತಿಳಿದಿರಬೇಕು. ಯಾಕೆ ಅಂತೀರಾ? ಅದು ಪ್ರಾಣಕ್ಕೆ ಸಂಬಂಧಿಸಿದ್ದು.

ಕ್ಲಚ್ಚಿನ ಕೆಲಸವೇನು?

ಮಿಕ್ಸಿಯ ಮೋಟಾರು ತಿರುಗುತ್ತಿದ್ದರೂ ಜಾರ್ ಕೂರಿಸದಿದ್ದರೆ ಬ್ಲೇಡು ತಿರುಗದು, ಅಲ್ಲವೇ? ಬೈಕಿನಲ್ಲಿ ಎಂಜಿನ್ನನ್ನೂ ಚಕ್ರವನ್ನೂ ಹಾಗೆ ಸೇರಿಸುವುದು, ಬಿಡಿಸುವುದು ಕ್ಲಚ್ಚು. ಎಡಗೈಯಿಂದ ಅದನ್ನು ಒತ್ತಿದರೆ ಒಳಗಿನ ಪ್ಲೇಟುಗಳು ಬೇರೆಯಾಗುತ್ತವೆ, ಬಿಟ್ಟರೆ ಕೂಡಿಕೊಳ್ಳುತ್ತವೆ. ಅರ್ಧ ಒತ್ತಿದರೆ ಒಂದಕ್ಕೊಂದು ಉಜ್ಜಿ ಕಾಯುತ್ತವೆ.

ಹೊರಡುವಾಗ ಒಂದನೆಯ ಗೇರು ಹಾಕಿ, ಆಕ್ಸಿಲರೇಟರ್ ಸ್ವಲ್ಪ ಕೊಡುತ್ತಾ ಕ್ಲಚ್ಚನ್ನು ನಿಧಾನವಾಗಿ ಬಿಡಿ. ಆಗ ಅರೆಕ್ಷಣ ಅರ್ಧ ಕ್ಲಚ್ಚು ಬೇಕೇ ಬೇಕು. ದಾರಿಯುದ್ದಕ್ಕೂ ಅದನ್ನು ಅರೆಬರೆ ಒತ್ತಿಕೊಂಡೇ ಓಡಿಸಿದರೆ ಮಾತ್ರ ಪ್ಲೇಟುಗಳು ಸವೆದುಹೋಗಿ, ಎಂಜಿನ್ನು ಕೂಗಿದರೂ ಗಾಡಿ ಏರು ಹತ್ತುವುದಿಲ್ಲ.

ನಿಂತಾಗ ನ್ಯೂಟ್ರಲ್

ನ್ಯೂಟ್ರಲ್ ಅಂದರೆ ಯಾವ ಗೇರೂ ಇಲ್ಲದ ಸ್ಥಿತಿ. ಹಲವು ಬೈಕುಗಳಲ್ಲಿ ಇದು ಒಂದು ಮತ್ತು ಎರಡನೆಯ ಗೇರಿನ ನಡುವೆ ಇರುತ್ತದೆ; ಸ್ಪ್ಲೆಂಡರ್‌ನಂಥವುಗಳಲ್ಲಿ ಒಂದನೆಯದಕ್ಕೂ ಮೊದಲು. ಮೀಟರಿನ ಬಳಿ ಹಸಿರು ದೀಪ ಹತ್ತಿದರೆ ನ್ಯೂಟ್ರಲ್ ಅಂತ ತಿಳಿಯಿರಿ. ಸಿಗ್ನಲ್‌ನಲ್ಲಿ ತುಸು ಹೊತ್ತು ನಿಲ್ಲುವುದಿದ್ದರೆ ನ್ಯೂಟ್ರಲ್‌ಗೆ ಹಾಕಿ ಕ್ಲಚ್ಚು ಬಿಡಿ. ಗೇರಿನಲ್ಲೇ ಕ್ಲಚ್ಚು ಒತ್ತಿ ನಿಂತಾಗ ಬೆರಳು ಜಾರಿದರೆ, ಕೇಬಲ್ ತುಂಡಾದರೆ, ಗಾಡಿ ಮುಂದಕ್ಕೆ ನೆಗೆಯುತ್ತದೆ. ನೀವು ಸೀರೆ ಸರಿಮಾಡಿಕೊಂಡು ಹತ್ತುವಾಗಲೂ, ಇಳಿಯುವಾಗಲೂ ಗಾಡಿ ನ್ಯೂಟ್ರಲ್‌ನಲ್ಲೇ ಇರಲಿ. ರೈಲ್ವೆ ಗೇಟಿನಲ್ಲಾದರೆ ಎಂಜಿನ್ನನ್ನೇ ಆರಿಸಿ.

ಘಾಟಿಯಲ್ಲಿ ಎಚ್ಚರ!

ಇಳಿಜಾರು ಬಂದ ಕೂಡಲೇ "ಪೆಟ್ರೋಲ್ ಉಳಿಯುತ್ತೆ" ಅಂತ ನ್ಯೂಟ್ರಲ್‌ಗೆ ಹಾಕಿಬಿಡುವವರು ಬಹಳ. ಆಗುಂಬೆ, ಚಾರ್ಮಾಡಿಯಂಥ ಘಾಟಿಗಳಲ್ಲಿ ಇದು ಅಪಾಯ. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ನೇ ಚಕ್ರವನ್ನು ತಡೆದು ಹಿಡಿಯುತ್ತದೆ. ನ್ಯೂಟ್ರಲ್‌ನಲ್ಲಿ ಆ ತಡೆ ಇಲ್ಲ. ಇಬ್ಬರ ಭಾರ, ಸಾಮಾನಿನ ಭಾರ ಎಲ್ಲ ಬ್ರೇಕಿನ ಮೇಲೇ ಬೀಳುತ್ತದೆ. ಮೇಲಿಂದ ಮೇಲೆ ಒತ್ತಿದ ಬ್ರೇಕು ಕಾದು ಹಿಡಿತ ಕಳೆದುಕೊಂಡರೆ ತಿರುವಿನಲ್ಲಿ ಗತಿಯೇನು? ಕ್ಲಚ್ಚು ಒತ್ತಿಕೊಂಡು ಇಳಿದರೂ ಅಷ್ಟೇ.

ಇನ್ನು ಉಳಿತಾಯದ ಮಾತು. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಬೈಕುಗಳಲ್ಲಿ ಹೆಚ್ಚಿನವು ಫ್ಯುಯೆಲ್ ಇಂಜೆಕ್ಷನ್‌ನವು. ಇವುಗಳಲ್ಲಿ ಗೇರಿನಲ್ಲೇ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಇಳಿಯುವಾಗ ಎಂಜಿನ್ನಿಗೆ ಪೆಟ್ರೋಲ್ ಹೋಗುವುದೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಾದರೋ ಎಂಜಿನ್ನು ಉರಿಯುತ್ತಿರಲು ಪೆಟ್ರೋಲ್ ಬೇಕು! ಹಳೆಯ ಗಾಡಿಗಳಲ್ಲೂ ಉಳಿಯುವುದು ಅಲ್ಪವೇ.

ಘಾಟಿ ಹತ್ತಲು ಬೇಕಾಗುವ ಗೇರಿನಲ್ಲೇ ಇಳಿಯುವುದು ಹಿರಿಯ ಚಾಲಕರ ಪಾಠ. ಇಳಿಜಾರು ಶುರುವಾಗುವ ಮೊದಲೇ ವೇಗ ತಗ್ಗಿಸಿ ಎರಡನೆಯದೋ ಮೂರನೆಯದೋ ಗೇರಿಗೆ ಬನ್ನಿ. ವೇಗದಲ್ಲಿದ್ದಾಗ ಏಕಾಏಕಿ ಒಂದನೆಯದಕ್ಕೆ ಇಳಿಸಬೇಡಿ, ಹಿಂದಿನ ಚಕ್ರ ಜಾರೀತು.

ಮುಂದಿನ ಸಲ ಘಾಟಿ ಇಳಿಯುವಾಗ ಯಜಮಾನರ ಭುಜದ ಮೇಲಿಂದ ಒಮ್ಮೆ ಮೀಟರಿನತ್ತ ನೋಡಿ. ಹಸಿರು ದೀಪ ಕಂಡರೆ ಸಂಕೋಚಪಡದೆ ಹೇಳಿ: "ರೀ, ಮೊದಲು ಗೇರಿಗೆ ಹಾಕಿ!"