ಕನ್ನಡಕ ಬಿಡಿಸುವ ಲೇಸರ್ ಚಿಕಿತ್ಸೆ: ಅರಿತು ನಿರ್ಧರಿಸಿರಿ

‘ವೈದ್ಯರೇ, ಮಗಳ ಮದುವೆಯ ಮಾತುಕತೆ ನಡೆದಿದೆ. ಕನ್ನಡಕ ಬಿಡಿಸುವ ಔಷಧಿ ನಿಮ್ಮಲ್ಲಿದೆಯೇ? ಇಲ್ಲವಾದರೆ ಲೇಸರ್ ಮಾಡಿಸಲೇ?’ ಇದು ತಾಯಂದಿರು ನನ್ನಲ್ಲಿ ಮೇಲಿಂದ ಮೇಲೆ ಕೇಳುವ ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ನೇರವಾಗಿದೆ. ಸುಶ್ರುತ ಸಂಹಿತೆಯು 76 ನೇತ್ರರೋಗಗಳನ್ನು ವಿವರಿಸುತ್ತದೆ. ಆಯುರ್ವೇದದ ನೇತ್ರಚಿಕಿತ್ಸೆಗೆ ಅದರದೇ ಆದ ಘನತೆಯಿದೆ. ಆದರೆ ಕಣ್ಣುಗುಡ್ಡೆಯ ಆಕಾರದಿಂದ ಬಂದ ನಂಬರನ್ನು ತ್ರಿಫಲಾ ಚೂರ್ಣವಾಗಲಿ, ಕಣ್ಣಿಗೆ ಬಿಡುವ ಯಾವುದೇ ಹನಿಯಾಗಲಿ ಅಳಿಸಲಾರದು. ಹಾಗೆಂದು ಭರವಸೆ ಕೊಡುವವರನ್ನು ನಂಬಬೇಡಿರಿ.

ಕಣ್ಣಿನ ಮುಂಭಾಗದಲ್ಲಿ ಗಾಜಿನಂತೆ ಪಾರದರ್ಶಕವಾಗಿರುವ ಪದರವೇ ಕಾರ್ನಿಯಾ. ಇದರ ನಡುಭಾಗದ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ಬೆಳಕು ಇದರ ಮೂಲಕ ಬಾಗಿ ಹಿಂದಿನ ಅಕ್ಷಿಪಟಲದ ಮೇಲೆ ಸರಿಯಾಗಿ ಕೇಂದ್ರೀಕೃತವಾದರೆ ನೋಟ ಸ್ಪಷ್ಟ. ಅಕ್ಷಿಪಟಲದ ಮುಂದೆಯೇ ಸೇರಿದರೆ ಸಮೀಪದೃಷ್ಟಿ. ಹಿಂದೆ ಸೇರುವಂತಿದ್ದರೆ ದೂರದೃಷ್ಟಿ. ಕಾರ್ನಿಯಾದ ಬಾಗು ಎಲ್ಲೆಡೆ ಸಮವಾಗಿಲ್ಲದಿದ್ದರೆ ಸಿಲಿಂಡರ್ ನಂಬರ್. ಲೇಸರ್ ಚಿಕಿತ್ಸೆಯು ಈ ಪದರದ ಬಾಗನ್ನು ತಿದ್ದುತ್ತದೆ.

ಇದರ ಮೂಲದಲ್ಲಿ ಭಾರತ ಸಂಜಾತ ವಿಜ್ಞಾನಿ ರಂಗಸ್ವಾಮಿ ಶ್ರೀನಿವಾಸನ್ ಅವರಿದ್ದಾರೆ. 1981ರಲ್ಲಿ ಅಮೆರಿಕದ ಐಬಿಎಂ ಸಂಶೋಧನಾಲಯದಲ್ಲಿ ಅವರೂ ಸಹೋದ್ಯೋಗಿಗಳೂ, ಎಕ್ಸೈಮರ್ ಲೇಸರ್ ಸುತ್ತಲಿನ ಭಾಗವನ್ನು ಸುಡದೆ ಜೀವಕೋಶಗಳ ಪದರವನ್ನು ಅತಿ ಸೂಕ್ಷ್ಮವಾಗಿ ತೆಗೆಯಬಲ್ಲದೆಂದು ಕಂಡುಕೊಂಡರು.

ಇಂದು ಮೂರು ವಿಧಾನಗಳು ಪ್ರಚಲಿತವಾಗಿವೆ. ಪಿಆರ್‌ಕೆಯಲ್ಲಿ ಮೇಲ್ಪೊರೆಯನ್ನು ಸರಿಸಿ ಲೇಸರ್ ಹಾಯಿಸುತ್ತಾರೆ; ಕೆಲವು ದಿನ ನೋವಿದ್ದು, ಚೇತರಿಕೆ ನಿಧಾನ. ಲ್ಯಾಸಿಕ್‌ನಲ್ಲಿ ತೆಳುವಾದ ಪದರವೊಂದನ್ನು ಮುಚ್ಚಳದಂತೆ ಎತ್ತಿ, ಒಳಗೆ ತಿದ್ದಿ, ಮರಳಿ ಹೊದಿಸುತ್ತಾರೆ. ನೋಟ ಬೇಗ ತಿಳಿಯಾಗುತ್ತದೆ. ಸ್ಮೈಲ್ ವಿಧಾನದಲ್ಲಿ ಕೆಲವೇ ಮಿಲಿಮೀಟರಿನ ಸೀಳಿನಿಂದ ಒಳಗಿನ ತೆಳು ತುಣುಕನ್ನು ಹೊರತೆಗೆಯುತ್ತಾರೆ.

ಆದರೆ ಇದು ಎಲ್ಲರಿಗೂ ಸಲ್ಲದು. 18 ವರ್ಷ ತುಂಬಿರಬೇಕು. ಕನಿಷ್ಠ ಒಂದು ವರ್ಷ ನಂಬರ್ ಬದಲಾಗಿರಬಾರದು. ಕಾರ್ನಿಯಾ ತೆಳುವಾಗಿರುವವರಿಗೆ, ಅದು ಶಂಕುವಿನಂತೆ ಉಬ್ಬುವ ಕೆರಟೋಕೋನಸ್ ಇರುವವರಿಗೆ, ತೀವ್ರ ಕಣ್ಣೊಣಗು ಇರುವವರಿಗೆ, ಗರ್ಭಿಣಿಯರಿಗೆ ಮತ್ತು ಹಾಲೂಡಿಸುವ ತಾಯಂದಿರಿಗೆ ಇದು ತಕ್ಕುದಲ್ಲ. ಆದ್ದರಿಂದ ಕಾರ್ನಿಯಾದ ದಪ್ಪ ಮತ್ತು ಆಕಾರದ ನಕ್ಷೆಯನ್ನು ತೆಗೆಸದೆ ಮುಂದುವರಿಯಬಾರದು. ಮದುವೆಯ ದಿನ ಹತ್ತಿರವಾಯಿತೆಂಬ ಅವಸರ ಈ ಪರೀಕ್ಷೆಗಳನ್ನು ನುಂಗಬಾರದು. ‘ನಿಮಗೆ ಬೇಡ’ ಎಂದು ಹೇಳುವ ನೇತ್ರವೈದ್ಯರು ನಿಮ್ಮ ಹಿತೈಷಿಗಳೇ ಸರಿ.

ಚಿಕಿತ್ಸೆಯ ಮಿತಿಯನ್ನೂ ಅರಿಯಬೇಕು. ಕೆಲವು ತಿಂಗಳು ಕಣ್ಣು ಒಣಗಬಹುದು. ರಾತ್ರಿ ದೀಪಗಳ ಸುತ್ತ ಪ್ರಭೆ ಕಾಣಬಹುದು. ನಲವತ್ತು ದಾಟಿದ ಮೇಲೆ ಓದಲು ಬೇಕಾಗುವ ಚಾಳೀಸನ್ನು ಇದು ತಪ್ಪಿಸದು. ಮುಪ್ಪಿನಲ್ಲಿ ಬರುವ ಪೊರೆಯನ್ನೂ ತಡೆಯದು. ಹೆಚ್ಚಿನ ಮೈನಸ್ ನಂಬರ್ ಇದ್ದವರ ಅಕ್ಷಿಪಟಲ ಲೇಸರಿನ ನಂತರವೂ ದುರ್ಬಲವಾಗಿಯೇ ಉಳಿಯುವುದರಿಂದ ವರ್ಷಕ್ಕೊಮ್ಮೆ ಪರೀಕ್ಷೆ ಅಗತ್ಯ. ಚಿಕಿತ್ಸೆಗೆ ಮುಂಚಿನ ಅಳತೆಗಳ ಕಾಗದಗಳನ್ನು ಜೋಪಾನವಾಗಿಡಿರಿ. ಮುಂದೆ ಪೊರೆಯ ಶಸ್ತ್ರಚಿಕಿತ್ಸೆಯಲ್ಲಿ ಮಸೂರದ ಲೆಕ್ಕಕ್ಕೆ ಅವು ನೆರವಾಗುತ್ತವೆ.

ಚಿಕಿತ್ಸೆಯಾದ ಮೇಲೆ ಕಣ್ಣುಜ್ಜಬಾರದು. ವೈದ್ಯರು ಅನುಮತಿಸುವವರೆಗೆ ತಲೆಸ್ನಾನ, ಈಜು, ಕಾಡಿಗೆ ಬೇಡ. ವಿಭೂತಿಯ ಪುಡಿ ಕಣ್ಣಿಗೆ ಉದುರದಂತೆ ಆ ದಿನಗಳಲ್ಲಿ ಎಚ್ಚರಿಕೆಯಿಂದ ಧರಿಸಿರಿ. ಜೇನು, ತುಪ್ಪ, ಎದೆಹಾಲು, ಮನೆಯಲ್ಲಿ ಮಾಡಿದ ಕಷಾಯ ಯಾವುದನ್ನೂ ಕಣ್ಣಿಗೆ ಹಾಕಬಾರದು. ಆಯುರ್ವೇದ ವೈದ್ಯನಾಗಿಯೇ ಈ ಮಾತನ್ನು ಒತ್ತಿ ಹೇಳುತ್ತೇನೆ. ನೋವು ಹೆಚ್ಚಿದರೆ, ನೋಟ ಮಸುಕಾದರೆ ಅಂದೇ ನೇತ್ರವೈದ್ಯರನ್ನು ಕಾಣಿರಿ.

ಕನ್ನಡಕ ಧರಿಸುವುದು ಊನವಲ್ಲ, ಅವಮಾನವೂ ಅಲ್ಲ. ತಕ್ಕ ಕಣ್ಣಿಗೆ ಲೇಸರ್ ವರವಾಗಬಲ್ಲದು. ತಕ್ಕುದಲ್ಲದ ಕಣ್ಣಿಗೆ ಕನ್ನಡಕವೇ ಕ್ಷೇಮ. ಈ ವಿವೇಕ ನಮ್ಮೆಲ್ಲರಲ್ಲಿ ಇರಲಿ.